ಮೂಡಲಗಿಯ ಮೂಲೆ ಪ್ಲಾಟು

ಮದುವೆಯಾದ ಮೊದಲ ಬೇಸಿಗೆಯಲ್ಲಿ ನಾವು ಗೋಕಾಕದಲ್ಲಿ ಬಾಡಿಗೆ ಮನೆ ಹುಡುಕಿದೆವು. ನಾನು ಘಟಪ್ರಭಾದ ಆಸ್ಪತ್ರೆಯೊಂದರಲ್ಲಿ ನರ್ಸ್. ನಮ್ಮವರಿಗೆ ಸ್ವಂತದ್ದೊಂದು ಸಣ್ಣ ಗೂಡ್ಸ್ ಗಾಡಿ ಇತ್ತು. ಕಲ್ಲೋಳಿ ಕಡೆಯ ತರಕಾರಿ, ಬೆಲ್ಲ ಹೇರಿಕೊಂಡು ಗೋಕಾಕದ ಪೇಟೆಗೂ ಹೆದ್ದಾರಿಯ ಯಮಕನಮರಡಿಗೂ ಹೋಗಿ ಬರುತ್ತಿದ್ದರು. ಗೋಕಾಕದಲ್ಲಿದ್ದರೆ ಇಬ್ಬರಿಗೂ ಅನುಕೂಲ ಅಂದುಕೊಂಡಿದ್ದೆವು.

ಮೊದಲು ನೋಡಿದ ಮನೆ ನನಗೆ ಬಹಳ ಹಿಡಿಸಿತು. ಮನೆಯೊಡತಿ ನಮ್ಮನ್ನು ಒಳಗೆ ಕರೆದು ಅಡುಗೆಮನೆಯ ನಲ್ಲಿ ತಿರುಗಿಸಿ ನೀರು ಬರುವುದನ್ನೂ ತೋರಿಸಿದರು. ಕಿಟಕಿಯ ಕೆಳಗೆ ಗ್ಯಾಸಿನ ಒಲೆ ಇಡಬಹುದು ಎಂದು ನಾನು ಮನಸ್ಸಿನಲ್ಲೇ ಜಾಗ ಗುರುತು ಮಾಡಿಕೊಂಡೆ. ಡಿಪಾಜಿಟ್ಟಿನ ಮಾತೂ ಮುಗಿಯಿತು. ಹೊರಡುವಾಗ ಆಕೆ ಬಾಗಿಲಲ್ಲಿ ನಿಂತು ಕೇಳಿದರು.

"ನಿಮ್ಮ ಅಡ್ಡಹೆಸರು ಏನಂದ್ರಿ?"

ನಮ್ಮವರು ಹೇಳಿದರು. ಆಕೆಗೆ ಸಿಟ್ಟೇನೂ ಬರಲಿಲ್ಲ. ಮುಖದಲ್ಲಿದ್ದ ನಗೆ ಕೂಡ ಹಾಗೆಯೇ ಇತ್ತು.

"ಅಯ್ಯ, ಮರತ ಬಿಟ್ಟಿದ್ದೆ ನೋಡ್ರಿ. ನಮ್ಮ ಮಗಳು ಬಂದು ಇಲ್ಲೇ ಇರತೇನಿ ಅಂದಾಳ. ಮುಂದ ನೋಡೂಣಂತ ಬಿಡ್ರಿ."

ಮುಂದಿನ ವಾರ ಅದೇ ಓಣಿಯಲ್ಲಿ ಹಾದು ಹೋದಾಗ 'ಮನೆ ಬಾಡಿಗೆಗೆ ಇದೆ' ಎಂಬ ಹಲಗೆ ಅಲ್ಲಿಯೇ ತೂಗುತ್ತಿತ್ತು. ನಮ್ಮದು ಬುದ್ಧನ ಪಟಕ್ಕೆ ಹೂ ಏರಿಸುವ ಮನೆ. ಅಪ್ಪ ಕಲ್ಲೋಳಿಯಲ್ಲಿ ಬೇರೆಯವರ ಹೊಲಗಳಲ್ಲಿ ದುಡಿದು ನನ್ನನ್ನು ಓದಿಸಿದವನು. ಅಡ್ಡಹೆಸರು ಕೇಳಿದರೆ ಸಾಕು, ನಮ್ಮ ಕಡೆಯವರಿಗೆ ನಾವು ಯಾವ ಓಣಿಯವರು ಎಂದು ಗೊತ್ತಾಗುತ್ತದೆ. ಆಮೇಲೆ ನೋಡಿದ ಮನೆಗಳಲ್ಲಿ ಒಂದು ಕಡೆ ಮನೆ ದುರಸ್ತಿ ಇದೆ ಅಂದರು, ಇನ್ನೊಂದು ಕಡೆ ಅಣ್ಣನನ್ನು ಕೇಳಬೇಕು ಅಂದರು. ಮತ್ತೊಂದು ಕಡೆ ಕೊಡಲು ಒಪ್ಪಿದರು. ಆದರೆ ಪಟವನ್ನು ಹೊರಗಿನ ಕೋಣೆಯಲ್ಲಿ ಹಾಕಬಾರದು, ಬಂದವರಿಗೆ ಕಾಣಬಾರದು ಎಂದರು. ನಮ್ಮವರು ಗಾಡಿಯ ಕೀಲಿ ತಿರುಗಿಸಿ, "ಹತ್ತು, ಹೋಗೂಣು" ಎಂದಷ್ಟೇ ಹೇಳಿದರು.

ಕೊನೆಗೆ ಘಟಪ್ರಭಾದಲ್ಲಿ ರೈಲು ನಿಲ್ದಾಣದ ಹತ್ತಿರ ಎರಡು ಕೋಣೆಯ ಮನೆ ಸಿಕ್ಕಿತು. ಮಾಲೀಕರು ಕಿರಾಣಿ ಅಂಗಡಿಯವರು. ಒಂದೇ ಸಾಲಿನಲ್ಲಿ ಆರು ಮನೆ ಕಟ್ಟಿಸಿದ್ದರು. ಅವರು ಅಡ್ಡಹೆಸರು ಕೇಳಲಿಲ್ಲ. ಬಾಡಿಗೆಯನ್ನು ಮಾತ್ರ ಆ ಕಡೆ ನಡೆಯುತ್ತಿದ್ದ ದರಕ್ಕಿಂತ ಹೆಚ್ಚು ಹೇಳಿದರು. ಅಲ್ಲಿ ಬಂದವರೆಲ್ಲ ಬೇರೆ ಕಡೆ ಮನೆ ಸಿಗದವರೇ ಎಂದು ಅವರಿಗೆ ಗೊತ್ತಿತ್ತು. ಒಮ್ಮೆ ಬಾಡಿಗೆ ಕೊಡಲು ಅಂಗಡಿಗೆ ಹೋದಾಗ ಅವರು ಗೊಣಗಿದರು.

"ಸಿಸ್ಟರ್, ಇದರಾಗ ನನಗೇನೂ ಉಳಿಯೂದಿಲ್ರಿ. ನಿಮ್ಮ ಆರೂ ಮನಿ ಬಾಡಿಗಿ ಸೀದಾ ಬ್ಯಾಂಕಿಗೆ ಹೋಗತೈತಿ. ಕಟ್ಟಿಸಿದಾಗಿಂದ ಹಂಗ ನಡದೈತಿ ನೋಡ್ರಿ."

"ನೀವು ಕಿಸೆದಿಂದ ಸಾಲದ ಹಪ್ತಾ ಕಟ್ಟೂದ ಇಲ್ಲೇನ್ರಿ?"

"ಎಲ್ಲಿಂದ ಕಟ್ಟಲಿ? ಬಂದ ಬಾಡಿಗೀನ ಹಪ್ತಾಕ ಕಟ್ಟತೇನಿ."

ಅವರು ಅದನ್ನು ತಕರಾರಿನಂತೆ ಹೇಳಿದ್ದರು. ನಾನು ಮಾತ್ರ ಆ ಮಾತನ್ನು ತಲೆಯಲ್ಲಿ ಇಟ್ಟುಕೊಂಡೇ ಆಸ್ಪತ್ರೆಗೆ ಹೋದೆ, ಸಲೈನ್ ಹಚ್ಚುವಾಗಲೂ ಅದನ್ನೇ ಯೋಚಿಸಿದೆ. ಅಂಗಡಿಯವರ ಮನೆಗಳನ್ನು ಕಟ್ಟಿದ್ದು ನಾವೇ, ಆರು ಬಾಡಿಗೆದಾರರು. ಅವರು ಮಾಡಿದ್ದು ಜಾಗ ಹೊಂದಿಸಿದ್ದು, ಬ್ಯಾಂಕಿನವರನ್ನು ಒಪ್ಪಿಸಿದ್ದು, ತಿಂಗಳಿಗೊಮ್ಮೆ ನಮ್ಮಿಂದ ಹಣ ತೆಗೆದುಕೊಂಡದ್ದು. ಅಷ್ಟನ್ನು ನನ್ನಿಂದ ಮಾಡಲಾಗದೇ?

ಅಂದು ಸಂಜೆ ನಮ್ಮವರಿಗೆ ಹೇಳಿದೆ. "ನಾವೂ ಮನಿ ಕಟ್ಟೂಣ್ರಿ. ನಮಗ ಇರಾಕಲ್ಲ, ಬಾಡಿಗಿ ಕೊಡಾಕ."

ಅವರು ನಕ್ಕೇಬಿಟ್ಟರು. "ನಮಗ ಇರಾಕ ಒಂದು ಕೋಲಿ ಇಲ್ಲ, ನೀ ಊರ ಮಂದಿಗೆ ಕಟ್ಟತೀ?"

"ನಮಗಂತ ಕಟ್ಟಿದ್ರ ನನ್ನ ಪಗಾರ ಪೂರ್ತಿ ಹಪ್ತಾಕ ಹೋಗತೈತಿ, ಕೈಯಾಗ ಏನೂ ಬರೂದಿಲ್ಲ. ಬಾಡಿಗಿಗಂತ ಕಟ್ಟಿದ್ರ ಆ ಮನಿ ತನ್ನ ಹಪ್ತಾ ತಾನ ಕಟ್ಟತೈತಿ. ಅಲ್ಲೀತನ ನಾವು ಇಲ್ಲೇ ಇರೂಣು."

"ಬಾಡಿಗಿ ಬರಲಿಲ್ಲಂದ್ರ?"

"ಬರೂವಂಥ ಜಾಗಾ ಹುಡುಕೂಣು."

ಅವರು ಒಪ್ಪಲು ಸುಮಾರು ದಿನ ಹಿಡಿಯಿತು. ಆದರೆ ಜಾಗ ನೋಡುವುದಕ್ಕೆ ದುಡ್ಡು ಬೇಕಿರಲಿಲ್ಲ. ನನಗೆ ರಜೆ ಇದ್ದ ದಿನ ಗಾಡಿಯಲ್ಲಿ ಅವರ ಪಕ್ಕ ಕುಳಿತು ಹೊರಡುತ್ತಿದ್ದೆ. ಗೋಕಾಕದ ಜಾಗ ನಮ್ಮ ಕೈಗೆಟುಕುವಂತಿರಲಿಲ್ಲ. ಹುಕ್ಕೇರಿ ನನ್ನ ಆಸ್ಪತ್ರೆಗೆ ದೂರವಾಗುತ್ತಿತ್ತು. ಮೂಡಲಗಿ ತಾಲ್ಲೂಕು ಕೇಂದ್ರವಾದ ಮೇಲೆ ಕಚೇರಿಗಳು ಬರತೊಡಗಿದ್ದವು. ಬೇರೆ ಊರುಗಳಿಂದ ವರ್ಗವಾಗಿ ಬಂದ ಗುಮಾಸ್ತರು, ಶಿಕ್ಷಕರು ಇರಲು ಮನೆ ಸಿಗದೆ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದರು. ಆ ಬಸ್ಸಿನಲ್ಲಿ ನಾನೂ ನಾಲ್ಕಾರು ಸಲ ಹೋಗಿ ಪಕ್ಕದಲ್ಲಿ ಕುಳಿತವರನ್ನು ಕೇಳಿದೆ. ಎಂಥ ಮನೆ ಬೇಕು, ಎಷ್ಟು ಬಾಡಿಗೆ ಕೊಡಬಲ್ಲಿರಿ ಎಂದು. ಎಲ್ಲರೂ ಹೆಚ್ಚುಕಡಿಮೆ ಒಂದೇ ಉತ್ತರ ಹೇಳಿದರು. ಎರಡು ಕೋಣೆ, ಒಳಗೇ ಬಚ್ಚಲು, ಬಸ್‌ಸ್ಟ್ಯಾಂಡಿಗೆ ನಡೆದು ಹೋಗುವಷ್ಟು ದೂರ.

ಒಬ್ಬ ದಲಾಲಿ ಬೈಕಿನಲ್ಲಿ ಮುಂದೆ ಹೋಗಿ ಹೊಲಗಳಲ್ಲಿ ಸುಣ್ಣದ ಗೆರೆ ಎಳೆದಿದ್ದ ಪ್ಲಾಟುಗಳನ್ನು ತೋರಿಸಿದ. ದರ ಅರ್ಧಕ್ಕರ್ಧ ಕಡಿಮೆ. ನಮ್ಮವರಿಗೆ ಆಸೆಯಾಯಿತು. ಮುಂಗಡದ ಇಸಾರ ಕೊಡುವ ಮೊದಲು ನಾನು ಗೋಕಾಕದ ಬ್ಯಾಂಕಿಗೆ ಹೋಗಿ ಸಾಲದ ವಿಭಾಗದ ಮೇಡಂ ಎದುರು ಕುಳಿತೆ. ಆಕೆ ಮಾತಿನಲ್ಲಿ ಬಿಗಿ, ಆದರೆ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು.

"ಅದು ಇನ್ನೂ ಹೊಲಾರೀ. ಮನಿ ಕಟ್ಟಾಕ ಎನ್‌ಎ, ಅಂದ್ರ ಬ್ಯಾಸಾಯ ಬಿಟ್ಟ ಜಾಗಾ ಅಂತ ಆಗಿರಬೇಕು, ಪುರಸಭೆಯ ಆಸ್ತಿ ಉತಾರದಾಗ ಹೆಸರು ಬರಬೇಕು. ಇಲ್ಲಂದ್ರ ನಾವು ಒಂದ ರೂಪಾಯಿನೂ ಕೊಡಾಂಗಿಲ್ಲ. ನಿಮ್ಮ ಯಜಮಾನರ ಗಳಿಕಿಗೆ ಏನು ಕಾಗದ ಐತ್ರಿ?"

ಗಾಡಿಯ ಗಳಿಕೆಗೆ ಎಂಥ ಕಾಗದ? ಇರಲಿಲ್ಲ.

"ಎರಡು ವರ್ಷ ರಿಟರ್ನ್ ತುಂಬಿಕೊಂಡು ಬರ್ರಿ. ಬರೇ ನಿಮ್ಮ ಪಗಾರದ ಮ್ಯಾಲ ನೀವು ಕೇಳೂವಷ್ಟು ಸಾಲ ಬರೂದಿಲ್ಲ."

ಹೊರಗೆ ಬಂದಾಗ ನಮ್ಮವರು, "ಆತು, ಮುಗೀತು" ಅಂದರು. ನನಗೆ ಹಾಗೆ ಅನಿಸಲಿಲ್ಲ. ಎರಡು ವರ್ಷ ಕಾಯಬೇಕು ಅಂದರೆ ಎರಡು ವರ್ಷದಲ್ಲಿ ಆಗುತ್ತದೆ ಎಂದೇ ಅರ್ಥ. ಆ ವಾರವೇ ಕರ ಸಲಹೆಗಾರರೊಬ್ಬರ ಕಡೆ ಹೋಗಿ ಗಾಡಿಯ ಗಳಿಕೆಯನ್ನು ಕಾಗದಕ್ಕೆ ತರುವ ಕೆಲಸ ಶುರು ಮಾಡಿದೆವು. ನಾನು ಆಸ್ಪತ್ರೆಯ ಹೆಣ್ಣುಮಕ್ಕಳ ಭಿಶಿ ಸೇರಿದೆ. ತಿಂಗಳು ತಿಂಗಳು ಎಲ್ಲರೂ ಹಣ ಹಾಕಿ, ಸರದಿಯಲ್ಲಿ ಒಬ್ಬೊಬ್ಬರು ಎತ್ತಿಕೊಳ್ಳುವುದು. ನನ್ನ ಸರದಿ ಕೊನೆಗಿರಲಿ ಎಂದು ಕೇಳಿ ಬರೆಸಿಕೊಂಡೆ. ಮೊದಲೇ ಎತ್ತಿದರೆ ಖರ್ಚಾಗಿಬಿಡುತ್ತದೆ ಎಂಬ ಹೆದರಿಕೆ.

ಅಪ್ಪನಿಗೆ ವಿಷಯ ತಿಳಿದಾಗ ಅವನು ಕಲ್ಲೋಳಿಯಿಂದ ಬಂದ. ಚಹಾ ಕುಡಿದು ಬಟ್ಟಲು ಕೆಳಗಿಟ್ಟ.

"ತಂಗೀ, ಬಂಗಾರ ತಗೋ. ಹೊಲಾ ಸಿಕ್ಕರ ತಗೋ. ಬಾಡಿಗಿ ಮನಿ ಯಾಕ? ನಮ್ಮ ಮನಿಗೆ ಬಾಡಿಗಿಗೆ ಯಾರ ಬರತಾರವ್ವಾ?"

ಅವನು ಸಿಟ್ಟಿನಿಂದ ಹೇಳಲಿಲ್ಲ. ಹೊಲದ ಬದುವಿನಲ್ಲಿ ಬೇರೆಯವರು ಮೇಲಿನಿಂದ ಹೊಯ್ದ ನೀರಿಗೆ ಬೊಗಸೆ ಒಡ್ಡಿ ಕುಡಿದು ಬೆಳೆದ ಮನುಷ್ಯ ಅವನು. ನಮ್ಮ ಟ್ಯಾಂಕಿನ ನೀರು ಕುಡಿಯಲು, ನಮಗೆ ಬಾಡಿಗೆ ಕೊಟ್ಟು ನಮ್ಮನ್ನು ಮಾಲೀಕರು ಅನ್ನಲು ಯಾರು ಬರುತ್ತಾರೆ ಎನ್ನುವುದು ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. "ಕಟ್ಟಿ ನೋಡೂಣು ಅಪ್ಪಾ" ಎಂದೆ.

ಪ್ಲಾಟು ಸಿಕ್ಕಿದ್ದು ನಾನು ಎಣಿಸದ ಕಡೆಯಿಂದ. ಮೂಡಲಗಿಯ ಒಬ್ಬ ವಯಸ್ಸಾದ ಹೆಣ್ಣುಮಗಳು ಕಾಲಿನ ಗಾಯಕ್ಕೆ ಪಟ್ಟಿ ಕಟ್ಟಿಸಿಕೊಳ್ಳಲು ನಮ್ಮ ಆಸ್ಪತ್ರೆಗೆ ಬರುತ್ತಿದ್ದರು. ಸಕ್ಕರೆ ಕಾಯಿಲೆ, ಗಾಯ ಬೇಗ ಮಾಯುತ್ತಿರಲಿಲ್ಲ. ಹಣೆಯ ತುಂಬ ವಿಭೂತಿ, ಇಳಕಲ್ ಸೀರೆ, ಗಟ್ಟಿ ದನಿ. ಗಂಡ ತೀರಿಕೊಂಡಿದ್ದರು, ಇಬ್ಬರು ಗಂಡುಮಕ್ಕಳು ವ್ಯಾಪಾರ ನೋಡಿಕೊಳ್ಳುತ್ತಿದ್ದರು. ನಾನು ಅವರನ್ನು ಆಯಿ ಎಂದು ಕರೆಯುತ್ತಿದ್ದೆ. ನಾನು ಜಾಗ ಹುಡುಕುತ್ತಿರುವ ಸುದ್ದಿ ಯಾರೋ ಅವರ ಕಿವಿಗೆ ಹಾಕಿದ್ದರು.

"ನನ್ನ ಹೆಸರಿಲೆ ಒಂದು ಮೂಲಿ ಪ್ಲಾಟ್ ಐತಿ ತಂಗಿ. ಎನ್‌ಎ ಆಗೈತಿ. ನಮ್ಮವರು ಇದ್ದಾಗ ತಗೊಂಡಿದ್ದು. ತಗೋತೀ ಏನು?"

"ಆಯಿ, ಕಾಲು ಮೊದಲ ವಾಸಿ ಆಗಲ್ರಿ. ಆಮ್ಯಾಲ ನಾನ ನಿಮ್ಮ ಮನಿಗೆ ಬರತೇನಿ."

ರೋಗಿಯ ಹತ್ತಿರ ವ್ಯವಹಾರ ಮಾತಾಡುವುದು ನನಗೆ ಸರಿ ಕಾಣಲಿಲ್ಲ. ಗಾಯ ಪೂರ್ತಿ ಮಾಯ್ದು ಅವರು ಬರುವುದು ನಿಂತ ಮೇಲೆ, ನಾವಿಬ್ಬರೂ ಮೂಡಲಗಿಗೆ ಹೋದೆವು. ನಮ್ಮನ್ನು ಪಡಸಾಲೆಯಲ್ಲಿ ಕೂರಿಸಿದರು. ಇಬ್ಬರು ಮಕ್ಕಳೂ ಅಲ್ಲೇ ಇದ್ದರು. ನಾನು ಮೊದಲೇ ನಮ್ಮ ಅಡ್ಡಹೆಸರು ಹೇಳಿಬಿಟ್ಟೆ. ಆಮೇಲೆ ಹಣದ ವಿಷಯವನ್ನೂ ಮುಚ್ಚುಮರೆ ಇಲ್ಲದೆ ಹೇಳಿದೆ. ಕೂಡಿಟ್ಟದ್ದರಿಂದ ಈಗ ಮೂರರಲ್ಲಿ ಒಂದು ಪಾಲು ಕೊಡಬಲ್ಲೆ, ಉಳಿದದ್ದಕ್ಕೆ ಸಮಯ ಬೇಕು ಎಂದು.

ಹಿರಿಯ ಮಗ ತಾಯಿಯ ಕಡೆ ತಿರುಗಿದ. "ಅವ್ವಾ, ಇವರಿಗೆ ಕೊಟ್ಟರ ಬಾಜೂ ಪ್ಲಾಟಿನವರು ಸುಮ್ಮನ ಇರತಾರೇನು? ದರಾ ಬೀಳತೈತಿ. ಅದ್ರಾಗ ರೊಕ್ಕನೂ ಒಮ್ಮೆಲೆ ಬರೂದಿಲ್ಲ."

ಆಯಿ ಅವನನ್ನು ನೋಡಲಿಲ್ಲ. ನನ್ನನ್ನು ಕೇಳಿದರು. "ಉಳದದ್ದು ತಿಂಗಳಾ ತಿಂಗಳಾ ಕೊಡತೀ ಏನು?"

"ಕೊಡತೇನ್ರಿ. ನನ್ನ ಪಗಾರದಾಗ ಮೊದಲ ಅದನ್ನ ತಗದಿಟ್ಟು ಉಳದದ್ದು ಖರ್ಚು ಮಾಡತೇನಿ."

"ಹಂಗಾದ್ರ ನನಗ ಅದ ಬೇಕು" ಎಂದರು ಆಯಿ. "ಒಮ್ಮೆಲೆ ಬಂದ ರೊಕ್ಕ ಈ ಮನ್ಯಾಗ ಒಂದು ವಾರ ಇರೂದಿಲ್ಲ. ಇವನ ಅಂಗಡಿಗೆ ಇಷ್ಟು, ಅವನ ಗಾಡಿಗೆ ಅಷ್ಟು. ನನ್ನ ಔಷಧಕ್ಕ ನಾನು ಸೊಸೆಂದಿರ ಮುಂದ ಕೈ ಚಾಚಬೇಕು. ತಿಂಗಳಾ ಬಂದ್ರ ನನ್ನ ಕೈಯಾಗ ಇರತೈತಿ."

ಕಿರಿಯ ಮಗ ಏನೋ ಹೇಳಲು ಬಾಯಿ ತೆರೆದ. ಆಯಿ ಕೈ ಎತ್ತಿದರು. ನಂತರ ದರದ ಮಾತು ಬಂತು. ನಾನು ಸ್ವಲ್ಪ ಇಳಿಸಿ ಕೇಳಿದೆ. ಅವರು ಇಳಿಸಲಿಲ್ಲ. ಕಂತಿನ ಮೇಲೆ ಕೊಡುವುದರಿಂದ ಇನ್ನಷ್ಟು ಸೇರಿಸಿದರು.

"ನನಗ ದಾನಾ ಮಾಡಾಕ ಬರೂದಿಲ್ಲ ತಂಗಿ. ನೀನೂ ತಗೊಳ್ಳಾಕ ಬರಬ್ಯಾಡ."

ಆ ಮಾತು ನನಗೆ ಹಿಡಿಸಿತು. ನಾವು ಒಪ್ಪಿಕೊಂಡೆವು.

ಗೋಕಾಕದ ವಕೀಲರೊಬ್ಬರು ಕರಾರು ಬರೆಯುವ ಮೊದಲು ಒಂದು ಪ್ರಶ್ನೆ ಹಾಕಿದರು. ಕಂತು ಮುಗಿಯುವ ಮುಂಚೆ ಆಯಿಗೆ ಏನಾದರೂ ಆದರೆ? ಮಕ್ಕಳು ನಮಗೆ ಗೊತ್ತೇ ಇಲ್ಲ ಅಂದರೆ ನೀವು ಕೊಟ್ಟ ಹಣಕ್ಕೆ ಕೋರ್ಟಿಗೆ ಅಲೆಯಬೇಕು. ಕರಾರು ನೋಂದಣಿ ಆಗಬೇಕು, ಮಕ್ಕಳಿಬ್ಬರೂ ಒಪ್ಪಿಗೆಯ ಸಹಿ ಹಾಕಬೇಕು, ಹಣವೆಲ್ಲ ಬ್ಯಾಂಕಿನ ಮೂಲಕವೇ ಹೋಗಬೇಕು ಎಂದರು. ಇದನ್ನು ಆಯಿಗೆ ಹೇಗೆ ಹೇಳುವುದು ಎಂದು ನಾನು ದಾರಿಯುದ್ದಕ್ಕೂ ತೊಳಲಾಡಿದೆ. ನೀವು ಸತ್ತರೆ ಎಂದು ಅವರ ಮನೆಯಲ್ಲೇ ಕುಳಿತು ಹೇಗೆ ಹೇಳಲಿ?

ಅವರು ಕೇಳಿ ನಕ್ಕರು. "ಖರೆ ಕೇಳ್ಯಾನ ವಕೀಲ. ನಾನೇನು ಗೂಟಾ ಹೊಡಕೊಂಡು ಕೂಡತೇನೇನು?" ಎಂದು ಮಕ್ಕಳನ್ನು ಕರೆದರು. ಮಕ್ಕಳು ಸಹಿ ಹಾಕುವುದಿಲ್ಲ ಎಂದರು.

"ಬ್ಯಾಡ ಬಿಡ್ರಿ" ಎಂದರು ಆಯಿ. "ಸೈ ಮಾಡದಿದ್ರ ನಾ ಮಾರೂದ ಇಲ್ಲ. ಮಠಕ್ಕ ಬರದು ಕೊಡತೇನಿ. ಆ ಮ್ಯಾಲ ತಿಂಗಳಾ ಬರೂದೂ ಇಲ್ಲ, ನನ್ನ ಹಿಂದ ನಿಮಗ ಬರೂದೂ ಇಲ್ಲ."

ನೋಂದಣಿ ಕಚೇರಿಯಲ್ಲಿ ಇಬ್ಬರೂ ಬೆರಳೊತ್ತಿ, ಸಹಿ ಹಾಕಿ, ನಮ್ಮ ಮುಖ ನೋಡದೆ ಹೊರಗೆ ಹೋದರು. ಆಯಿ ಮಾತ್ರ ಬೆಂಚಿನ ಮೇಲೆ ಕುಳಿತು, ತನ್ನ ಖಾತೆಗೆ ಹಣ ಯಾವ ದಿನ ಬೀಳುತ್ತದೆ ಎಂದು ನನ್ನಿಂದ ಇನ್ನೊಮ್ಮೆ ಹೇಳಿಸಿಕೊಂಡರು.

ಆ ಕಂತಿನ ಕಾಲ ಸುಲಭವಾಗಿರಲಿಲ್ಲ. ಒಮ್ಮೆ ಗಾಡಿಯ ಎಂಜಿನ್ ಕೆಟ್ಟು ಯಮಕನಮರಡಿಯ ಗ್ಯಾರೇಜಿನಲ್ಲಿ ನಿಂತುಬಿಟ್ಟಿತು. ಎರಡು ತಿಂಗಳು ಮನೆ ನಡೆದದ್ದು ನನ್ನ ಹೆಚ್ಚುವರಿ ಪಾಳಿಯಿಂದ. ಹಬ್ಬಕ್ಕೆ ಬಟ್ಟೆ ತೆಗೆಯಲಿಲ್ಲ. ಆದರೆ ಪಗಾರ ಬಂದ ದಿನವೇ ಆಯಿಯ ಕಂತು ಹೋಗುತ್ತಿತ್ತು. ನಮ್ಮವರು ಒಮ್ಮೆಯೂ ಈ ತಿಂಗಳು ತಡ ಮಾಡೋಣ ಎನ್ನಲಿಲ್ಲ. ಎಂಜಿನ್ ಬಿಚ್ಚಿ ಹಾಕಿದ ದಿನ ಕೂಡ ಕೈಯ ಎಣ್ಣೆ ಒರೆಸಿಕೊಳ್ಳುತ್ತಾ, "ಆಯಿಗೆ ಹಾಕಿದಿ?" ಎಂದು ಕೇಳಿದರು. ಕೊನೆಯ ದೊಡ್ಡ ಕಂತನ್ನು ನನ್ನ ಭಿಶಿ ಎತ್ತಿ ತುಂಬಿದೆವು. ಪ್ಲಾಟು ನನ್ನ ಹೆಸರಿಗಾಯಿತು. ರಿಟರ್ನ್ ಕಾಗದಗಳನ್ನೂ ಪುರಸಭೆಯ ಉತಾರವನ್ನೂ ಹಿಡಿದು ಬ್ಯಾಂಕಿಗೆ ಹೋದಾಗ ಮೇಡಂ ಒಂದೊಂದೇ ಹಾಳೆ ತಿರುವಿ, "ಬಂದ್ರಲ್ಲಾ" ಎಂದರು.

ಮುಂದೆ ಅಂಗಡಿ, ಹಿಂದೆ ಮೂರು ಮನೆ ಎಂದು ನಕ್ಷೆ ಮಾಡಿಸಿದೆವು, ಸಾಲ ಮಂಜೂರಾಯಿತು. ಮೇಲಿನ ಮಹಡಿ ಮುಂದೆ ಕಟ್ಟಲು ಬರಲಿ ಎಂದು ಪಾಯ ಮಾತ್ರ ಗಟ್ಟಿಯಾಗಿ ಹಾಕಿಸಿದೆವು. ಅಪ್ಪ ತಾನಾಗಿಯೇ ಕಲ್ಲೋಳಿಯಿಂದ ದಿನಾ ಸೈಕಲ್ಲಿನಲ್ಲಿ ಬಂದು ಗೋಡೆಗಳಿಗೆ ನೀರು ಹೊಡೆಯತೊಡಗಿದ. ಬೇಡ ಅಂದರೂ ಕೇಳಲಿಲ್ಲ.

ಒಂದು ವಿಷಯ ನನಗೆ ಮೊದಲು ತಲೆಗೆ ಹೋಗಿರಲಿಲ್ಲ. ಬ್ಯಾಂಕಿನವರು ಹಣವನ್ನು ಹಂತ ಹಂತವಾಗಿ ಬಿಡುತ್ತಾರೆ, ಆದರೆ ಕೆಲಸ ಆದ ಮೇಲೆ ಬಿಡುತ್ತಾರೆ. ಸ್ಲ್ಯಾಬ್ ಬಿದ್ದರೆ ಸ್ಲ್ಯಾಬಿನ ಹಣ. ಸ್ಲ್ಯಾಬ್ ಹಾಕಲು ಕಬ್ಬಿಣ, ಉಸುಕು, ಸಿಮೆಂಟಿಗೆ ಮೊದಲು ನಾವೇ ಹೊಂದಿಸಬೇಕು. ಅಷ್ಟರಲ್ಲಿ ಕಬ್ಬಿಣದ ದರ ಏರಿತು. ಗೋಡೆಗಳು ಎದ್ದು ನಿಂತವು, ಮೇಲೆ ಆಕಾಶ. ಗೋಡೆ ಕಟ್ಟುತ್ತಿದ್ದ ಗೌಂಡಿ ಬೇರೆ ಕೆಲಸಕ್ಕೆ ಹೋಗುತ್ತೇನೆ ಎಂದು ಹೇಳಿಕಳಿಸಿದ.

ಆಗ ಮೆಡಿಕಲ್ ಅಂಗಡಿ ಇಡಬೇಕೆಂದಿದ್ದ ಒಬ್ಬರು ಬಂದರು. ಮುಂದಿನ ಅಂಗಡಿಯ ಅಳತೆ ನೋಡಿದರು, ರಸ್ತೆ ನೋಡಿದರು, ಖುಷಿಯಾದರು.

"ನೀವು ಕೇಳಿದ್ದಕ್ಕ ದುಪ್ಪಟ್ಟು ಡಿಪಾಜಿಟ್ ಈಗಿಂದೀಗ ಕೊಡತೇನ್ರಿ. ಒಂದ ಮಾತು. ಹಿಂದಿನ ಮನಿಗೋಳಿಗೆ ಎಂಥಾ ಮಂದಿ ಬರಬೇಕು ಅನ್ನೂದನ್ನ ನಾ ನೋಡಿ ಹೇಳತೇನಿ. ಗಿರಾಕಿ ಬರೂ ಜಾಗಾ ನೋಡ್ರಿ, ಎಲ್ಲಾರನ್ನೂ ಇಡಾಕ ಬರೂದಿಲ್ಲ."

ಅವರಿಗೆ ನಾವು ಯಾರೆಂದು ತಿಳಿದಿರಲಿಲ್ಲ. ಆ ಹಣ ಬಂದಿದ್ದರೆ ಮರುದಿನವೇ ಕಬ್ಬಿಣ ಬರುತ್ತಿತ್ತು. ನಮ್ಮವರು ನನ್ನ ಮುಖ ನೋಡಿದರು.

"ಮನಿ ನಂದ್ರಿ" ಎಂದೆ. "ಯಾರಿಗೆ ಕೊಡಬೇಕು ಅಂತ ನಾನ ನೋಡತೇನಿ. ನಿಮಗ ಅಂಗಡಿ ಬೇಕಾದ್ರ ಅಂಗಡಿ ಮಾತು ಆಡೂಣು."

ಅವರು, "ನಾ ಬ್ಯಾರೆ ಏನೂ ಅಂದಿಲ್ರಿ" ಎನ್ನುತ್ತಾ ಬೈಕು ಹತ್ತಿದರು. ಮತ್ತೆ ಬರಲಿಲ್ಲ. ಸಂಜೆ ಊಟಕ್ಕೆ ಕುಳಿತಾಗ ನಮ್ಮವರು ಬೇಸರದಿಂದ ಅಂದರು.

"ಹೇಳೂದು ಬರೋಬ್ಬರಿ ಐತಿ. ಆದ್ರ ಮಾತಿಗೆ ಸಿಮೆಂಟ್ ಬರೂದಿಲ್ಲ. ಈಗೇನು ಮಾಡತೀ?"

ಆಗ ನನಗೆ ಒಂದು ಯೋಚನೆ ಬಂತು. ಒಬ್ಬರ ದೊಡ್ಡ ಡಿಪಾಜಿಟ್ಟಿನಿಂದ ಆಗುವ ಕೆಲಸ ಮೂರ್ನಾಲ್ಕು ಜನರ ಸಣ್ಣ ಡಿಪಾಜಿಟ್ಟಿನಿಂದಲೂ ಆಗಬೇಕು. ಮನೆ ಸಿಗದವರು ಎಷ್ಟೋ ಜನ ಇದ್ದಾರೆ. ಅವರಿಗೆ ಸ್ಲ್ಯಾಬ್ ಇಲ್ಲದ ಮನೆಯನ್ನೇ ತೋರಿಸೋಣ. ಈಗ ಡಿಪಾಜಿಟ್ ಕೊಟ್ಟವರಿಗೆ ಮೊದಲ ವರ್ಷ ಬಾಡಿಗೆಯಲ್ಲಿ ಸ್ವಲ್ಪ ಬಿಡೋಣ, ವಕೀಲರಿಂದ ಕರಾರು ಬರೆಸಿಕೊಡೋಣ. ಆಸ್ಪತ್ರೆಯಲ್ಲಿ, ಬಸ್ಸಿನಲ್ಲಿ, ಬ್ಯಾಂಕಿನ ಸರದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದೆ.

ಮೊದಲು ಬಂದದ್ದು ನಮ್ಮ ಆಸ್ಪತ್ರೆಯ ಒಬ್ಬ ಹುಡುಗಿ, ಹೊಸದಾಗಿ ಸೇರಿದ ನರ್ಸ್. ಮದುವೆಯಾಗದೆ ಒಬ್ಬಳೇ ಇರುವವಳಿಗೆ ಮನೆ ಕೊಡುವುದಿಲ್ಲ ಎಂದು ಎಷ್ಟೋ ಕಡೆ ಹೇಳಿಸಿಕೊಂಡಿದ್ದಳು. ತಾಯಿಯನ್ನು ಕರೆತಂದು, ಆಕಾಶ ಕಾಣುವ ಕೋಣೆಯಲ್ಲಿ ನಿಂತು, "ಅಕ್ಕಾ, ಒಳಗಿನ ಕಡಿಗೆ ಚಿಲಕ ಗಟ್ಟಿ ಹಾಕಸ್ರಿ" ಎಂದಷ್ಟೇ ಕೇಳಿದಳು. ಆಮೇಲೆ ಒಬ್ಬ ಮುಸಲ್ಮಾನ ಟೇಲರ್ ಮತ್ತು ಅವನ ಹೆಂಡತಿ ಬಂದರು. ಅಂಗಡಿಯನ್ನೂ ಹಿಂದಿನ ಒಂದು ಮನೆಯನ್ನೂ ಕೂಡಿಯೇ ಕೇಳಿದರು, ಹೆಂಡತಿಯ ಹತ್ತಿರ ಎರಡನೆಯ ಹೊಲಿಗೆಯಂತ್ರ ಇತ್ತು.

ಮೂರನೆಯವರು ತಾಲ್ಲೂಕು ಕಚೇರಿಗೆ ವರ್ಗವಾಗಿ ಬಂದಿದ್ದ ಗುಮಾಸ್ತರು, ಹುಕ್ಕೇರಿ ಕಡೆಯವರು. ಹಣೆಯಲ್ಲಿ ವಿಭೂತಿ. ಹೆಂಡತಿಯ ಕಂಕುಳಲ್ಲಿ ಕೂಸು. ಅಪ್ಪ ಆಗ ಪೈಪು ಹಿಡಿದು ಗೋಡೆಗೆ ನೀರು ಹೊಡೆಯುತ್ತಿದ್ದ. ಅವರು ಒಳಗೆ ಬಂದದ್ದನ್ನು ನೋಡಿ ಪೈಪು ಕೆಳಗಿಟ್ಟು ಒಂದು ಮೂಲೆಗೆ ಸರಿದು ನಿಂತ. ನಾನು ನಮ್ಮ ಅಡ್ಡಹೆಸರು ಹೇಳಿದೆ. ನಾವು ಯಾರು ಎಂದೂ ಹೇಳಿದೆ, ಆಮೇಲೆ ಮಾತು ಬೇಡ ಎಂದು. ಗುಮಾಸ್ತರು ಹೆಂಡತಿಯ ಮುಖ ನೋಡಿದರು. ಆಕೆ ಕೂಸನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡು ಅಪ್ಪನ ಕಡೆ ತಿರುಗಿದರು.

"ಕಾಕಾ, ನೀರು ದಿನಾ ಬರತೈತೇನ್ರಿ? ಈಗಿರೂ ಮನ್ಯಾಗ ನೀರಿಂದ ಬಾಳ ತ್ರಾಸ ಆಗೈತಿ."

ಅಪ್ಪ ಮೂಲೆಯಿಂದ ಮುಂದೆ ಬಂದ. ಆಮೇಲೆ, "ಬೋರ್ ಹೊಡಿಸೇವಿ ತಾಯಿ. ಯಾವತ್ತೂ ಇರತೈತಿ. ಕುಡದು ನೋಡ್ರಿ ಬೇಕಾದ್ರ" ಎಂದು ಪೈಪನ್ನು ಎತ್ತಿ ಹಿಡಿದ. ಆಕೆ ಬೊಗಸೆಯಲ್ಲಿ ಹಿಡಿದು ಕುಡಿದರು. "ಸಿಹಿ ಅದಾವ" ಎಂದು ಗಂಡನಿಗೆ ಹೇಳಿದರು. ಅಪ್ಪ ಆ ದಿನ ಸಂಜೆ ಮನೆಗೆ ಹೋಗುವವರೆಗೂ ಒಂದೇ ಗೋಡೆಗೆ ನೀರು ಹೊಡೆಯುತ್ತಿದ್ದ.

ಸ್ಲ್ಯಾಬ್ ಬಿತ್ತು. ಬ್ಯಾಂಕಿನ ಹಣ ಬಂತು. ಬಾಗಿಲು, ಕಿಟಕಿ, ಬಣ್ಣ, ಪ್ರತಿ ಮನೆಗೂ ಬೇರೆ ಮೀಟರ್. ಅಂಗಡಿ ಮತ್ತು ಮೂರು ಮನೆಗಳ ಬಾಡಿಗೆ ಸೇರಿ ಹಪ್ತಾ ಕಟ್ಟಿ ಸ್ವಲ್ಪ ಉಳಿಯತೊಡಗಿತು. ಆ ಉಳಿದದ್ದನ್ನು ನಾವು ಮನೆಗೆ ತರಲಿಲ್ಲ. ದುರಸ್ತಿಗೆಂದು, ಮನೆ ಖಾಲಿ ಬಿದ್ದ ತಿಂಗಳಿಗೆಂದು ಬೇರೆ ಖಾತೆಯಲ್ಲಿ ಇಟ್ಟೆವು. ಅದು ಬೆಳೆದ ಮೇಲೆ, ಮತ್ತಷ್ಟು ಸಾಲ ಸೇರಿಸಿ ಮೇಲೆ ಎರಡು ಮನೆ ಕಟ್ಟಿದೆವು.

ಮನೆ ಕಟ್ಟುವುದಕ್ಕಿಂತ ಮಾಲೀಕಳಾಗಿರುವುದು ನನಗೆ ಕಷ್ಟವಾಯಿತು. ಮೇಲಿನ ಒಂದು ಮನೆಗೆ ನನ್ನ ಸೋದರಮಾವನ ಮಗ ಬಂದ. ಮೊಬೈಲ್ ದುರಸ್ತಿಯ ಕೆಲಸ ಅವನದು. ನಮ್ಮವನೇ ಎಂದು ಡಿಪಾಜಿಟ್ ಅರ್ಧ ತೆಗೆದುಕೊಂಡೆ. ಆರಂಭದ ಕೆಲವು ತಿಂಗಳು ಕೊಟ್ಟ. ಆಮೇಲೆ ಮುಂದಿನ ವಾರ, ಮುಂದಿನ ವಾರ ಎಂದ. ಹೊಸ ಬೈಕು ಮಾತ್ರ ಬಂತು. ನಾನು ಹೋಗಿ ಕೇಳಿದರೆ, "ಅಕ್ಕಾ, ನಿನಗೇನು ಕಡಿಮಿ ಐತಿ? ಐದು ಮನಿ ಒಡತಿ ನೀ" ಎಂದು ನಗುತ್ತಿದ್ದ.

ಅಪ್ಪ ಅವನ ಪರವಾಗಿ ಮಾತಾಡಿದ. "ತಂಗೀ, ಅವ ನಮ್ಮ ಹುಡುಗ. ಬ್ಯಾರೆದವರು ಮನಿ ಕೊಡೂದಿಲ್ಲ ಅಂತ ನೀನ ಅಳತಿದ್ದಿ. ಈಗ ನೀನ ಹೊರಗ ಹಾಕತೀ ಏನು?"

ಆ ಮಾತು ಚುಚ್ಚಿತು. ಕೆಲವು ದಿನ ಬಾಡಿಗೆ ಕೇಳಲು ಹೋಗಲಿಲ್ಲ. ಆದರೆ ಕೆಳಗಿನ ಮನೆಯ ನರ್ಸ್ ಹುಡುಗಿ ಊರಿಗೆ ಹಣ ಕಳಿಸುವ ಮೊದಲು ನನಗೆ ಬಾಡಿಗೆ ಹಾಕುತ್ತಿದ್ದಳು. ಟೇಲರನ ಹೆಂಡತಿ ಹಬ್ಬದ ಹೊತ್ತಿನಲ್ಲಿ ಎರಡು ಯಂತ್ರವನ್ನೂ ನಿಲ್ಲಿಸದೆ ಹೊಲಿದು ಕೊಡುತ್ತಿದ್ದಳು. ಅವರು ಕಟ್ಟುವ ಹಪ್ತಾದಲ್ಲಿ ಇವನು ಪುಕ್ಕಟೆ ಇರುವುದು ನನಗೆ ನ್ಯಾಯವಾಗಿ ಕಾಣಲಿಲ್ಲ.

"ಅಪ್ಪಾ, ಅಡ್ಡಹೆಸರು ನೋಡಿ ಹೊರಗ ಹಾಕಾಕತ್ತಿಲ್ಲ. ಬಾಡಿಗಿ ಬಂದಿಲ್ಲ" ಎಂದೆ.

ಎರಡು ತಿಂಗಳ ಸಮಯ ಕೊಟ್ಟು, ಬರೆದೂ ಕೊಟ್ಟೆ. ಕೊನೆಗೆ ಅವನು ಖಾಲಿ ಮಾಡಿದ. ಸಾಮಾನನ್ನು ನಮ್ಮ ಗಾಡಿಯಲ್ಲೇ ಘಟಪ್ರಭಾಕ್ಕೆ ಸಾಗಿಸಿಕೊಟ್ಟೆವು, ಬಾಡಿಗೆ ಕೇಳಲಿಲ್ಲ. ಗಾದಿ ಏರಿಸುವಾಗ ಅವನು ನನ್ನನ್ನು ಮಾತಾಡಿಸಲಿಲ್ಲ. ಈಗಲೂ ಮಾತಾಡಿಸುವುದಿಲ್ಲ. ಮದುವೆ ಮನೆಗಳಲ್ಲಿ ಎದುರಾದರೆ ಸೋದರಮಾವನ ಹೆಂಡತಿ ಮುಖ ತಿರುಗಿಸುತ್ತಾಳೆ. ನನಗೆ ನೋವಾಗುತ್ತದೆ. ಆದರೆ ಮತ್ತೊಮ್ಮೆ ಅಂಥದೇ ಪ್ರಸಂಗ ಬಂದರೂ ನಾನು ಅದನ್ನೇ ಮಾಡುತ್ತೇನೆ. ಅಂದಿನಿಂದ ಬಂಧುಗಳಿಗೂ ಡಿಪಾಜಿಟ್ ಪೂರ್ತಿ.

ಈ ವರ್ಷ ಹುಕ್ಕೇರಿಯಲ್ಲಿ ಒಂದು ಹಳೆಯ ಮನೆ ಕೊಂಡಿದ್ದೇವೆ. ಅಣ್ಣತಮ್ಮಂದಿರು ಪಾಲು ಹಂಚಿಕೊಳ್ಳಲಾರದೆ ಮಾರಿದ್ದು. ಎಲ್ಲರೂ ಸಹಿ ಹಾಕುವವರೆಗೆ ನಾನು ಇಸಾರ ಕೊಡಲಿಲ್ಲ. ಮೂಡಲಗಿಯ ಕಟ್ಟಡವನ್ನು ಅಡವಿಟ್ಟು ಸಾಲ ತೆಗೆದೆವು. ಬ್ಯಾಂಕಿನ ಮೇಡಂ ವರ್ಗವಾಗಿದ್ದಾರೆ, ಹೊಸಬರು ಕೇಳಿದ ಎಲ್ಲ ಕಾಗದ ಈಗ ನಮ್ಮ ಹತ್ತಿರ ಮೊದಲೇ ಇರುತ್ತವೆ. ಆಸ್ಪತ್ರೆಗೆ ದಿನಾ ಬಸ್ಸಿನಲ್ಲಿ ಓಡಾಡಬೇಕಾದರೂ ಇದರ ಒಂದು ಭಾಗದಲ್ಲಿ ನಾವೇ ಇರಬೇಕೆಂದಿದ್ದೇವೆ, ಉಳಿದ ಮೂರು ಭಾಗ ಬಾಡಿಗೆಗೆ. ನಮ್ಮವರು ಗಾಡಿ ಮಾರುವ ಮಾತೆತ್ತಿದ್ದಾರೆ, ನಾನು ಇನ್ನೂ ಒಪ್ಪಿಲ್ಲ.

ಹೋದ ಭಾನುವಾರ ಹಂಚು ಇಳಿಸಿದೆವು. ಅಟ್ಟದ ಧೂಳು ಕೆಳಗೆ ಬಿದ್ದು ಓಣಿ ತುಂಬಿತು, ಪಕ್ಕದ ಮನೆಯವರು ಬಾಗಿಲು ಹಾಕಿಕೊಂಡರು. ಗೌಂಡಿ ಹಿಂದಿನ ಗೋಡೆಯನ್ನು ಹಾರೆಯಿಂದ ಕುಟ್ಟಿ ನೋಡಿ, "ಇದನ್ನೂ ಕೆಡವಿಬಿಡೂಣ್ರಿ, ಹೊಸಾದ ಏರಸೂಣು" ಎಂದ. ನಾನು ಹತ್ತಿರ ಹೋಗಿ ನೋಡಿದೆ. ಗೇಣಗಲದ ಕಲ್ಲಿನ ಗೋಡೆ, ಎಲ್ಲೂ ಬಿರುಕಿರಲಿಲ್ಲ.

"ಬ್ಯಾಡ" ಎಂದೆ. "ಅದು ಇರಲಿ. ಮುಂದಿನ ಗ್ವಾಡಿ ಹಿಡೀರಿ."

ಅವನು ಹಾರೆಯನ್ನು ಹೆಗಲಿಗೇರಿಸಿ ಮುಂದಿನ ಗೋಡೆಯ ಕಡೆ ನಡೆದ. ನಮ್ಮವರು ಅಳತೆ ಟೇಪಿನ ಒಂದು ತುದಿ ನನ್ನ ಕೈಗೆ ಕೊಟ್ಟು, ಇನ್ನೊಂದನ್ನು ಹಿಡಿದು ಅಂಗಳದ ಆಚೆಗೆ ಹೋದರು.